ಕಾರ್ಖಾನೆ ಪ್ರದೇಶದ ಕೆಲಸಕ್ಕೆ ಪಾಲಿಕೆ ಸಾಲ: ರಾಜ್ಯದ ಒಪ್ಪಿಗೆ ಸಿಗುವ ತನಕ ಫೈಲ್ ಸಾಗಿಸುವುದು ಹೇಗೆ?

ಪುಣೆ ಪಕ್ಕದ ಭೋಸರಿ, ಚಿಂಚವಡ, ತಳವಡೆ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವ ನಮ್ಮ ಕನ್ನಡದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪಾಲಿಕೆ ಸಾಲ ತಂದು ನಮ್ಮ ರಸ್ತೆ, ಚರಂಡಿ ಮಾಡ್ತೀವಿ ಅಂತು. ಠರಾವೂ (ಸಭೆಯ ನಿರ್ಣಯ) ಪಾಸಾಯ್ತು. ಈಗ ಕೇಳಿದ್ರೆ ಫೈಲ್ ಮುಂಬೈ ಮಂತ್ರಾಲಯದಲ್ಲಿದೆ (ರಾಜ್ಯದ ಸಚಿವಾಲಯ) ಅಂತಾರೆ. ಯಾರನ್ನ ಹಿಡೀಬೇಕು?"

ಬಹಳ ಸಲ ಯಾರನ್ನು ಹಿಡಿದರೂ ಪ್ರಯೋಜನವಿಲ್ಲ. ಫೈಲನ್ನು ಅಲ್ಲಿ ಯಾರೋ ತಡೆದಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಏನೆಂದರೆ, ಅದು ಪುಣೆಯಿಂದ ಹೊರಡುವಾಗಲೇ ಅರೆಬರೆ ಹೊರಟಿರುತ್ತದೆ. ಜಾಗ ಯಾರದು ಅಂತ ಸ್ಪಷ್ಟ ಇರುವುದಿಲ್ಲ, ಅಂದಾಜು ಹಳೆಯದಾಗಿರುತ್ತದೆ, ಸಾಲ ತೀರಿಸುವ ಲೆಕ್ಕ ಇರುವುದೇ ಇಲ್ಲ. ಈ ಮೂರನ್ನೂ ಸರಿ ಮಾಡಬೇಕಾದ್ದು ಪಾಲಿಕೆಯ ಕಟ್ಟಡದಲ್ಲೇ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಓದಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದವರ ಫೈಲೇ ವಾಪಸ್ ಬರುವುದು.

## ಮೊದಲು ಇದು ತಿಳಿದಿರಲಿ: ಪಾಲಿಕೆ ಸಾಲದಿಂದ ಏನಾಗುತ್ತದೆ, ಏನಾಗುವುದಿಲ್ಲ

ಪಾಲಿಕೆ ಸಾಲ ತಂದು ನಿಮ್ಮ ಕಾರ್ಖಾನೆಗೆ ಬಂಡವಾಳ ಕೊಡುವುದಿಲ್ಲ. ಹೊರದೇಶಗಳಲ್ಲಿ ಊರಿನ ಆಡಳಿತವೇ ಬಾಂಡ್ (ಸಾಲಪತ್ರ) ಎತ್ತಿ ಖಾಸಗಿ ಕಾರ್ಖಾನೆಗೆ ಹಣ ಒದಗಿಸುವ ಪದ್ಧತಿ ಇದೆ. ಅದನ್ನು ಓದಿದವರು ಇಲ್ಲೂ ಹಾಗೇ ಅಂತ ಅರ್ಜಿ ಬರೆಯುತ್ತಾರೆ. ಇಲ್ಲಿ ಹಾಗಿಲ್ಲ. ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆ 1949ರ 109ನೇ ಕಲಮಿನ ಪ್ರಕಾರ ಪಾಲಿಕೆ ಸಾಲ ಎತ್ತುವುದು ಜಾಗ ಕೊಳ್ಳಲು, ಕಟ್ಟಡ ಕಟ್ಟಲು, ಕಾಯಂ ಕೆಲಸ ಮಾಡಲು, ಹಳೆ ಸಾಲ ತೀರಿಸಲು, ಇಂಥವುಗಳಿಗೆ. ಅದಕ್ಕೂ ರಾಜ್ಯ ಸರ್ಕಾರದ ಒಪ್ಪಿಗೆ ಮೊದಲೇ ಬೇಕು.

ಅಂದರೆ ರಸ್ತೆ, ಮಳೆನೀರಿನ ಗಟಾರ, ಒಳಚರಂಡಿ, ನೀರಿನ ಪೈಪು, ಬೀದಿದೀಪ, ಲಾರಿ ನಿಲ್ದಾಣ, ಅಗ್ನಿಶಾಮಕ ಠಾಣೆ ಇವೆಲ್ಲ ಆಗುತ್ತದೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಪಾಲಿಕೆಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಅದರಲ್ಲಿ ಮನೆಬಳಕೆಯ ನೀರಿನ ಜೊತೆಗೆ ಕೈಗಾರಿಕೆಗೆ ನೀರು ಪೂರೈಸುವುದೂ ಸೇರಿದೆ. "ಕಾರ್ಖಾನೆಯವರ ಕೆಲಸ ನಮ್ಮದಲ್ಲ" ಅಂತ ಯಾರಾದರೂ ಕೈ ತೊಳೆದುಕೊಂಡರೆ ಇದನ್ನು ತೋರಿಸಿ.

ನಿಮ್ಮ ಮಶೀನು, ಶೆಡ್ಡಿಗೆ ಸಹಾಯಧನ ಬೇಕಿದ್ದರೆ ದಾರಿಯೇ ಬೇರೆ. ಅದು ಉದ್ಯೋಗ ವಿಭಾಗದ (ಮರಾಠಿಯಲ್ಲಿ ಉದ್ಯೋಗ ಅಂದರೆ ಕೈಗಾರಿಕೆ) ಪ್ರೋತ್ಸಾಹನ ಯೋಜನೆ. ಅದಕ್ಕೆ ಜಿಲ್ಲಾ ಉದ್ಯೋಗ ಕೇಂದ್ರಕ್ಕೆ ಹೋಗಬೇಕು. ಈ ಬರಹ ಅದರ ಬಗ್ಗೆ ಅಲ್ಲ.

## ಕೈಯಲ್ಲಿ ಇರಬೇಕಾದ್ದು

ಒಂದು ಅಸೋಸಿಯೇಶನ್ ಬೇಕು, ನೋಂದಣಿ ಆಗಿರಬೇಕು. ಒಬ್ಬೊಬ್ಬರೇ ಬರೆದ ಮನವಿ ಆವಕ ಜಾವಕ (ಒಳಬಂದ, ಹೊರಹೋದ ಪತ್ರಗಳ) ರಿಜಿಸ್ಟರಿನಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಅಷ್ಟೆ. ಪ್ರದೇಶದ ಲೇಔಟ್ ನಕ್ಷೆ, ಎಲ್ಲ ಸದಸ್ಯರ ಕಳೆದ 3 ವರ್ಷದ ಆಸ್ತಿ ತೆರಿಗೆ ರಸೀದಿ, ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಸೇವಾ ಶುಲ್ಕದ ಬಿಲ್ಲು, ತಾರೀಖು ಕಾಣುವ ಫೋಟೊ ಇವಿಷ್ಟು ಒಂದು ಫೈಲಿನಲ್ಲಿರಲಿ.

ಜೊತೆಗೆ ಮರಾಠಿಯಲ್ಲಿ ಚೆನ್ನಾಗಿ ಬರೆಯಬಲ್ಲ ಒಬ್ಬರು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಎಷ್ಟೋ ಜನ ಮರಾಠಿ ಸೊಗಸಾಗಿ ಮಾತಾಡುತ್ತಾರೆ, ಆದರೆ ಕಚೇರಿ ಮರಾಠಿ ಬರೆಯುವಾಗ ಕೈ ನಡುಗುತ್ತದೆ. ಇಂಗ್ಲಿಷಿನಲ್ಲಿ ಕೊಟ್ಟ ಪತ್ರವನ್ನು ಯಾರೂ ಬೇಡ ಅನ್ನುವುದಿಲ್ಲ. ಆದರೆ ಫೈಲಿನ ಟಿಪ್ಪಣಿ ನಡೆಯುವುದು ಮರಾಠಿಯಲ್ಲಿ. ನಿಮ್ಮ ವಾಕ್ಯವೇ ಟಿಪ್ಪಣಿಗೆ ಇಳಿಯಬೇಕಾದರೆ ಮರಾಠಿಯಲ್ಲೇ ಬರೆಯಿರಿ.

## ಹಂತ 1: ಜಾಗ ಯಾರ ಕೈಯಲ್ಲಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ

ಪುಣೆ ಕಡೆ ಇದೇ ದೊಡ್ಡ ಗೊಂದಲ. ಒಂದೇ ರಸ್ತೆಯ ಆಚೆ ಎಂಐಡಿಸಿ, ಈಚೆ ಪಾಲಿಕೆ. ಎಂಐಡಿಸಿ ಹುಟ್ಟಿದ್ದು 1962ರಲ್ಲಿ. ತನ್ನ ಪ್ರದೇಶದೊಳಗೆ ನಕ್ಷೆ ಮಂಜೂರು ಮಾಡುವ ಅಧಿಕಾರ ಅದಕ್ಕೇ ಇರುತ್ತದೆ. ಆಸ್ತಿ ತೆರಿಗೆ ಮಾತ್ರ ಪಾಲಿಕೆ ತೆಗೆದುಕೊಳ್ಳುತ್ತದೆ. ಮಾಲೀಕನಿಗೆ ಎರಡೂ ಕಡೆ ಬಿಲ್ಲು, ಆದರೆ ಗುಂಡಿ ಮುಚ್ಚುವಾಗ ಇಬ್ಬರೂ ಇನ್ನೊಬ್ಬರನ್ನು ತೋರಿಸುತ್ತಾರೆ.

ಭೋಸರಿಯ ಸೆಕ್ಟರ್ 7, 10ರಂಥ ಕಡೆ ಇನ್ನೊಂದು ಪದರ ಇದೆ. ಅವು ಹಿಂದೆ ಪಿಂಪ್ರಿ ಚಿಂಚವಡ ನವನಗರ ಪ್ರಾಧಿಕರಣದ (ಹೊಸ ಊರು ಕಟ್ಟುವ ಅಭಿವೃದ್ಧಿ ಪ್ರಾಧಿಕಾರ) ಪ್ಲಾಟುಗಳು. 2021ರಲ್ಲಿ ಪ್ರಾಧಿಕರಣ ವಿಸರ್ಜನೆಯಾಗಿ ಅದರ ಜಾಗ, ಅಧಿಕಾರ ಪಾಲಿಕೆ ಮತ್ತು ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ನಡುವೆ ಹಂಚಿಹೋಯಿತು. ಹಳೆ ಪತ್ರ ಹಿಡಿದು ಹೋದರೆ ಯಾವ ಟೇಬಲ್ಲಿಗೆ ಹೋಗಬೇಕು ಅನ್ನುವುದಕ್ಕೇ ತಿಂಗಳು ಕಳೆಯುತ್ತದೆ.

ಚಾಕಣ ಕಡೆಯವರಿಗೆ ಬೇರೆ ಎಚ್ಚರಿಕೆ. ಚಾಕಣದಲ್ಲಿ ನಗರಪರಿಷತ್ತು (ನಮ್ಮ ಪುರಸಭೆಯಂಥದು) ಇದೆ ನಿಜ. ಆದರೆ ಕಾರ್ಖಾನೆಗಳು ಬಹುಪಾಲು ಮ್ಹಾಳುಂಗೆ, ನಿಘೋಜೆ, ಕುರುಳಿಯಂಥ ಗ್ರಾಮ ಪಂಚಾಯಿತಿಗಳ ಹದ್ದಿನಲ್ಲಿವೆ. ನಿಮ್ಮ ಪ್ಲಾಟ್ ಪಂಚಾಯಿತಿಯಲ್ಲಿದ್ದರೆ ನಗರಪರಿಷತ್ತಿನ ಸಾಲದ ಕನಸು ಬಿಡಿ, ಎಂಐಡಿಸಿಯನ್ನೇ ಕೇಳಿ.

ಮಾಡಬೇಕಾದ್ದು ಇಷ್ಟು. ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್ ಅಂತ ಬರೆದು, ಇದರ ದೇಖರೇಖಿ ಯಾರದು ಅಂತ ಎಂಐಡಿಸಿಯ ಪ್ರಾದೇಶಿಕ ಕಚೇರಿಗೂ ಪಾಲಿಕೆಯ ಸ್ಥಾಪತ್ಯ (ಸಿವಿಲ್ ಇಂಜಿನಿಯರಿಂಗ್) ವಿಭಾಗಕ್ಕೂ ಒಂದೇ ಒಕ್ಕಣೆಯ ಪತ್ರ ಕೊಡಿ. ರಸ್ತೆ ಹಸ್ತಾಂತರ ಆಗಿದ್ದರೆ ಅದರ ಪತ್ರದ ನಕಲು ಕೇಳಿ. ಆಗಿಲ್ಲದಿದ್ದರೆ ಎಂಐಡಿಸಿಯ ನಾಹರಕತ್ (ಆಕ್ಷೇಪಣೆ ಇಲ್ಲ ಅನ್ನುವ) ಪತ್ರ ಬೇಕಾಗುತ್ತದೆ.

ಎಚ್ಚರಿಕೆಯ ಗುರುತು: "ಅದೆಲ್ಲ ನಮ್ಮದೇ ಸಾಹೇಬ್ರೆ, ಚಿಂತೆ ಬಿಡಿ" ಅಂತ ಬಾಯಲ್ಲಿ ಹೇಳಿ ಬರೆದು ಕೊಡಲು ಹಿಂಜರಿದರೆ, ಆ ರಸ್ತೆ ಅವರದಲ್ಲ ಅಂತಲೇ ತಿಳಿಯಿರಿ. ಮುಂದೆ ಹೋಗಬೇಡಿ.

## ಹಂತ 2: ಬೇಡಿಕೆಯನ್ನು ಅಂದಾಜುಪತ್ರಿಕೆ ಮಾಡಿಸಿ

"ನಮ್ಮ ಭಾಗಕ್ಕೆ ಮೂಲಸೌಕರ್ಯ ಕೊಡಿ" ಅನ್ನುವುದು ಬೇಡಿಕೆ. ಅದಕ್ಕೆ ಸಾಲ ಹುಟ್ಟುವುದಿಲ್ಲ. ಎಷ್ಟು ಉದ್ದ, ಎಷ್ಟು ಅಗಲ, ಕಾಂಕ್ರೀಟೋ ಡಾಂಬರೋ, ಗಟಾರ ಎಷ್ಟು ಆಳ ಅಂತ ಅಳತೆ ಬಂದ ಮೇಲೆ ಅದು ಕೆಲಸವಾಗುತ್ತದೆ.

ಅಳತೆಗೆ ಬಂದ ಇಂಜಿನಿಯರ್ ಜೊತೆ ಖುದ್ದು ನಿಲ್ಲಿ. ನಕ್ಷೆಯಲ್ಲಿ 12 ಮೀಟರ್ ಇರುವ ರಸ್ತೆ ನೆಲದ ಮೇಲೆ 8 ಮೀಟರ್ ಇರುತ್ತದೆ. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಯಾರದ್ದೋ ಸ್ಕ್ರ್ಯಾಪ್ ರಾಶಿ. 40 ಅಡಿ ಟ್ರೇಲರ್ ತಿರುಗುವ ಮೂಲೆಯಲ್ಲಿ ಎಷ್ಟು ಜಾಗ ಬೇಕು ಅನ್ನುವುದು ದಿನಾ ಲೋಡ್ ಇಳಿಸುವ ನಿಮಗೆ ಗೊತ್ತು, ಟೇಪ್ ಹಿಡಿದವನಿಗೆ ಗೊತ್ತಿರುವುದಿಲ್ಲ. ಚೇಂಬರ್ ಮುಚ್ಚಳ ತೆಗೆಸಿ ಒಳಗಿನ ಪೈಪಿನ ಸೈಜ್ ನೋಡಿಸಿ. ಮೇಲಿನ ರಸ್ತೆ ಹೊಸದಾಗಿ ಕೆಳಗೆ ಹಳೇ ಪೈಪ್ ಉಳಿದರೆ, ಎರಡನೇ ಮಳೆಗಾಲಕ್ಕೆ ಅದೇ ರಸ್ತೆ ಅಗೆಯುತ್ತಾರೆ.

ಅತಿಕ್ರಮಣ ಇದ್ದರೆ ಈಗಲೇ ಒಪ್ಪಿಕೊಳ್ಳಿ. ನಿಮ್ಮ ಸದಸ್ಯರ ಶೆಡ್ಡೇ ರಸ್ತೆಗೆ ಚಾಚಿದ್ದರೆ ಅದನ್ನು ಹಿಂದೆ ತೆಗೆಸಿ. 2025ರ ಫೆಬ್ರವರಿಯಲ್ಲಿ ಕುದಳವಾಡಿ, ಚಿಖಲಿ ಭಾಗದಲ್ಲಿ ಪಾಲಿಕೆ ಅನಧಿಕೃತ ಶೆಡ್, ಗೋದಾಮುಗಳನ್ನು ಸಾಲುಸಾಲಾಗಿ ಕೆಡವಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ.

ಅಂದಾಜಿಗೆ ಎರಡು ಮುದ್ರೆ ಬೇಕು. ತಾಂತ್ರಿಕ ಮಾನ್ಯತಾ ಅಂದರೆ ಅಳತೆ, ದರ ಸರಿ ಇದೆ ಅನ್ನುವುದು. ಪ್ರಶಾಸಕೀಯ ಮಾನ್ಯತಾ ಅಂದರೆ ಇಷ್ಟು ಖರ್ಚಿನ ಕೆಲಸ ಮಾಡಬಹುದು ಅನ್ನುವುದು. ದೊಡ್ಡ ನೀರು ಮತ್ತು ಒಳಚರಂಡಿ ಯೋಜನೆಗಳು ಮಹಾರಾಷ್ಟ್ರ ಜೀವನ ಪ್ರಾಧಿಕರಣದ (ರಾಜ್ಯದ ನೀರು ಪೂರೈಕೆ ಸಂಸ್ಥೆ) ತಾಂತ್ರಿಕ ಪರಿಶೀಲನೆಗೆ ಹೋಗುವುದುಂಟು. ಕಾರ್ಖಾನೆಯ ಕೊಳಚೆ ನೀರನ್ನು ಒಟ್ಟಾಗಿ ಶುದ್ಧೀಕರಿಸುವ ಘಟಕವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು.

ಸಾಮಾನ್ಯ ತಪ್ಪು: ಹಳೆ ದರಪಟ್ಟಿಯ ಅಂದಾಜನ್ನೇ ಮೇಲೆ ಕಳಿಸುವುದು. ದರಪಟ್ಟಿ ಬದಲಾಗಿದ್ದರೆ ಮಂತ್ರಾಲಯದ ಡೆಸ್ಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು.

## ಹಂತ 3: ಸಾಲ ತೀರಿಸುವ ಲೆಕ್ಕ

ಎಲ್ಲ ಹಂತಗಳಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲಿ. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಮನೆಸಾಲ ಕೊಡುವ ಬ್ಯಾಂಕ್ ಮೊದಲು ಸಂಬಳದ ಚೀಟಿ ಕೇಳುತ್ತದಲ್ವಾ, ರಾಜ್ಯದ ವಿತ್ತ ವಿಭಾಗ ಕೇಳುವುದೂ ಅದನ್ನೇ. ಪ್ರತಿ ವರ್ಷ ಎಷ್ಟು ಕಟ್ಟಬೇಕು, ಅದು ಯಾವ ಆದಾಯದಿಂದ ಬರುತ್ತದೆ?

ಒಂದು ಉದಾಹರಣೆ ಹಾಕಿ ನೋಡೋಣ. ಕೆಲಸ 40 ಕೋಟಿ ರೂಪಾಯಿಯದು, ಬಡ್ಡಿ ಶೇಕಡಾ 8.5 ಅಂತ ಇಟ್ಟುಕೊಳ್ಳಿ. 15 ವರ್ಷಕ್ಕೆ ತೆಗೆದರೆ ವರ್ಷಕ್ಕೆ ಸುಮಾರು 4.8 ಕೋಟಿ ಕಟ್ಟಬೇಕು, ಒಟ್ಟು 72 ಕೋಟಿ ಆಗುತ್ತದೆ. 10 ವರ್ಷಕ್ಕಾದರೆ ವರ್ಷಕ್ಕೆ ಸುಮಾರು 6.1 ಕೋಟಿ, ಒಟ್ಟು 61 ಕೋಟಿ. ಅವಧಿ ಕಡಿಮೆಯಾದರೆ ಬಡ್ಡಿ ಉಳಿಯುತ್ತದೆ, ಆದರೆ ವರ್ಷದ ಹೊರೆ ಜಾಸ್ತಿ. ಡಾಂಬರು ರಸ್ತೆಗೆ 15 ವರ್ಷದ ಸಾಲ ತೆಗೆಯುವುದು ಪೆದ್ದತನ. ರಸ್ತೆ ಕಿತ್ತುಹೋದ ಮೇಲೂ ಕಂತು ಉಳಿದಿರುತ್ತದೆ. ಕಾಂಕ್ರೀಟ್, ಪೈಪ್‌ಲೈನ್‌ಗೆ ದೊಡ್ಡ ಅವಧಿ ಸರಿ.

ಈಗ ಆದಾಯದ ಕಡೆ. ಒಂದು ಕಾಲಕ್ಕೆ ಪಿಂಪ್ರಿ ಚಿಂಚವಡದ ಖಜಾನೆ ತುಂಬುತ್ತಿದ್ದುದೇ ಕಾರ್ಖಾನೆಗಳು ಊರೊಳಗೆ ತರುವ ಮಾಲಿನ ಮೇಲಿನ ಜಕಾತ್‌ನಿಂದ. ಅದು ಹೋಗಿ ಎಲ್‌ಬಿಟಿ (ಸ್ಥಳೀಯ ಸಂಸ್ಥೆ ತೆರಿಗೆ) ಬಂತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರ್ಕಾರ ಪಾಲಿಕೆಗಳಿಗೆ ಪರಿಹಾರದ ಅನುದಾನ ಕೊಡುತ್ತಿದೆ. ಇದು, ಆಸ್ತಿ ತೆರಿಗೆ, ಕಟ್ಟಡ ಪರವಾನಗಿ ಶುಲ್ಕ ಇವೇ ಈಗ ಮುಖ್ಯ ಆದಾಯ. ಸಾಲ ಕೊಡುವವರು ಇವುಗಳಲ್ಲಿ ಯಾವುದನ್ನಾದರೂ ಒಂದು ಪ್ರತ್ಯೇಕ ಖಾತೆಗೆ ಹಾಕಿ, ಮೊದಲು ನಮ್ಮ ಕಂತು ತೆಗೆದು ಉಳಿದದ್ದು ಬಳಸಿ ಅನ್ನುತ್ತಾರೆ. ಇದೇ ಎಸ್ಕ್ರೋ ಖಾತೆ.

ಅಸೋಸಿಯೇಶನ್ ಏನು ಮಾಡಬಹುದು? ಆಗಲೇ ಕೂಡಿಸಿದ ತೆರಿಗೆ ರಸೀದಿಗಳನ್ನು ತೆಗೆಯಿರಿ. ನಿಮ್ಮ ಪ್ರದೇಶ ವರ್ಷಕ್ಕೆ ಪಾಲಿಕೆಗೆ ಒಟ್ಟು ಎಷ್ಟು ಕಟ್ಟುತ್ತದೆ ಅಂತ ಒಂದು ಹಾಳೆಯಲ್ಲಿ ಕೂಡಿಸಿ. ಬಾಕಿ ಎಷ್ಟಿದೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಆ ಹಾಳೆಯನ್ನು ಲೇಖಾ ವಿಭಾಗಕ್ಕೆ ಕೊಟ್ಟು, ಪ್ರಸ್ತಾವದ ಜೊತೆ ಲಗತ್ತಿಸಿ ಅಂತ ಕೇಳಿ. ಹತ್ತು ಮನವಿಗಿಂತ ಈ ಒಂದು ಹಾಳೆಗೆ ಬೆಲೆ ಜಾಸ್ತಿ. ನಿಮ್ಮ ಸದಸ್ಯರಲ್ಲೇ ಅರ್ಧ ಜನ ತೆರಿಗೆ ಬಾಕಿ ಇಟ್ಟಿದ್ದರೆ ಮೊದಲು ಅದನ್ನು ಕಟ್ಟಿಸಿ. ಬಾಕಿದಾರರ ಪ್ರದೇಶಕ್ಕೆ ಸಾಲ ತರೋಣ ಅಂತ ಯಾವ ಮುಖ್ಯ ಲೆಕ್ಕಾಧಿಕಾರಿ ಸಹಿ ಹಾಕುತ್ತಾರೆ ಹೇಳಿ?

ಎಚ್ಚರಿಕೆಯ ಗುರುತು: ಪ್ರಸ್ತಾವದಲ್ಲಿ "ಪಾಲಿಕೆಯ ಸ್ವಂತ ನಿಧಿಯಿಂದ ಮರುಪಾವತಿ" ಅಂತ ಒಂದೇ ಸಾಲು ಇದ್ದು, ವರ್ಷವಾರು ಕೋಷ್ಟಕ ಇಲ್ಲದಿದ್ದರೆ ಫೈಲ್ ವಾಪಸ್ ಬರುವುದು ಖಂಡಿತ.

## ಹಂತ 4: ಯಾವ ದಾರಿಯ ಸಾಲ?

ಮೂರು ದಾರಿ ಇವೆ. ಬ್ಯಾಂಕ್ ಅಥವಾ ಹುಡ್ಕೊದಂಥ (ಕೇಂದ್ರದ ವಸತಿ, ನಗರಾಭಿವೃದ್ಧಿ ನಿಗಮ) ಸಂಸ್ಥೆಯ ಸಾಲ. ರಾಜ್ಯದ್ದೇ ಆದ ಮಹಾರಾಷ್ಟ್ರ ನಾಗರಿ ಪಾಯಾಭೂತ ವಿಕಾಸ (ನಗರ ಮೂಲಸೌಕರ್ಯ ಅಭಿವೃದ್ಧಿ) ಕಂಪನಿಯಂಥ ವ್ಯವಸ್ಥೆ. ಇಲ್ಲವಾದರೆ ಬಾಂಡ್.

ಬಾಂಡ್ ಅಂದ ತಕ್ಷಣ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಪುಣೆ ಪಾಲಿಕೆ 2017ರ ಜೂನ್‌ನಲ್ಲಿ 24 ತಾಸು ನೀರಿನ ಯೋಜನೆಗಾಗಿ 200 ಕೋಟಿಯ ಬಾಂಡ್ ತಂದಿತು. ಬಡ್ಡಿ ಶೇಕಡಾ 7.59, ಅವಧಿ 10 ವರ್ಷ. ಪಿಂಪ್ರಿ ಚಿಂಚವಡ ಪಾಲಿಕೆ 2025ರ ಜೂನ್‌ನಲ್ಲಿ 200 ಕೋಟಿಯ ಹಸಿರು ಬಾಂಡ್ (ಪರಿಸರಸ್ನೇಹಿ ಕೆಲಸಗಳಿಗಾಗಿ ಎತ್ತುವುದು) ತಂದಿತು. ಬಡ್ಡಿ ಶೇಕಡಾ 7.85. ಆ ಹಣ ಹೋಗುವ ಕೆಲಸಗಳಲ್ಲಿ ಟೆಲ್ಕೋ ರಸ್ತೆಯೂ ಒಂದು. ಗವಳಿ ಮಠದಿಂದ ಇಂದ್ರಾಯಣಿನಗರದ ಕಡೆ ದಿನಾ ಮಾಲು ಸಾಗಿಸುವವರಿಗೆ ಆ ರಸ್ತೆ ಗೊತ್ತೇ ಇದೆ. ಕಾರ್ಖಾನೆ ಪ್ರದೇಶದ ರಸ್ತೆಗೂ ಬಂಡವಾಳ ಪೇಟೆಯಿಂದ ಹಣ ತರಬಹುದು ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಇದನ್ನೇ ಉದಾಹರಣೆ ಕೊಡಿ.

ಆದರೆ ಬಾಂಡಿಗೆ ಸೆಬಿಯ (ಷೇರುಪೇಟೆ ನಿಯಂತ್ರಕ ಮಂಡಳಿ) 2015ರ ನಿಯಮಗಳ ಪಾಲನೆ ಬೇಕು. ಲೆಕ್ಕಪರಿಶೋಧನೆ ಮುಗಿದಿರಬೇಕು, ಹಿಂದಿನ 365 ದಿನದಲ್ಲಿ ಸಾಲ ತಪ್ಪಿಸಿರಬಾರದು, ಸಾಲ ತೀರಿಸುವ ಶಕ್ತಿಯ ರೇಟಿಂಗ್ ಬೇಕು, ಎಸ್ಕ್ರೋ ಖಾತೆ ಬೇಕು. 20, 30 ಕೋಟಿಯ ಒಂದು ಕೆಲಸಕ್ಕೆ ಇಷ್ಟೆಲ್ಲ ಮಾಡುವುದು ಹೊಂದುವುದಿಲ್ಲ. ನಿಮ್ಮ ಕೆಲಸವನ್ನು ಪಾಲಿಕೆಯ ದೊಡ್ಡ ಪಟ್ಟಿಯೊಳಗೆ ಸೇರಿಸಿದರೆ ಮಾತ್ರ ಬಾಂಡ್ ಲಾಭ. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಕೆಲಸಕ್ಕೆ ಬ್ಯಾಂಕ್ ಸಾಲ ಸಾಕು. ಸುಮ್ನೆ ಬಾಂಡ್ ಬಾಂಡ್ ಅಂತ ಹಟ ಹಿಡಿಯಬೇಡಿ.

ಕೇಂದ್ರದ ಅಮೃತ್ ಯೋಜನೆಯಲ್ಲಿ ಬಾಂಡ್ ತಂದ ಪಾಲಿಕೆಗೆ ಪ್ರೋತ್ಸಾಹ ಧನವೂ ಇದೆ. ಮೊದಲ ಬಾರಿಗೆ ತಂದವರಿಗೆ 100 ಕೋಟಿಗೆ 13 ಕೋಟಿ. ಅಧಿಕಾರಿಗಳಿಗೆ ಬಾಂಡ್ ಇಷ್ಟವಾಗಲು ಇದೂ ಒಂದು ಕಾರಣ.

## ಹಂತ 5: ಠರಾವಿನ ಒಕ್ಕಣೆ

ಸಾಲದ ಠರಾವು ವಿಶೇಷ ಸಭೆಯಲ್ಲಿ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಮಾಮೂಲಿ ಸರ್ವಸಾಧಾರಣ ಸಭೆಯ ಕೊನೆಗೆ, ಎಲ್ಲರೂ ಚಹಾಕ್ಕೆ ಏಳುವ ಹೊತ್ತಿಗೆ, "ಆಯತ್ಯಾ ವೇಳೆಯ ವಿಷಯ" (ಕೊನೆ ಗಳಿಗೆಯ ವಿಷಯ) ಅಂತ ತುರುಕಿದ ಠರಾವು ಮುಂದೆ ತೊಂದರೆ ಕೊಡುತ್ತದೆ. ಸಭೆಯ ನೋಟಿಸು, ಕಾರ್ಯಪತ್ರಿಕೆ, ನಡಾವಳಿ ಮೂರರ ನಕಲೂ ತೆಗೆದಿಡಿ.

2022ರ ಮಾರ್ಚ್‌ನಲ್ಲಿ ಪುಣೆ, ಪಿಂಪ್ರಿ ಚಿಂಚವಡ ಎರಡೂ ಕಡೆ ನಗರಸೇವಕರ (ಕಾರ್ಪೊರೇಟರ್‌ಗಳ) ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಆಯುಕ್ತರೇ ಪ್ರಶಾಸಕರಾಗಿ (ಆಡಳಿತಾಧಿಕಾರಿಯಾಗಿ) ಠರಾವು ಮಾಡಿದರು. ನಿಮ್ಮ ಠರಾವು ಆ ಕಾಲದ್ದಾಗಿದ್ದರೆ ಅದು ಪ್ರಶಾಸಕರ ಠರಾವು ಅಂತ ನಂಬರ್ ಸಮೇತ ಪ್ರಸ್ತಾವದಲ್ಲಿ ಸ್ಪಷ್ಟ ಇರಲಿ.

ಈಗ ಒಕ್ಕಣೆ ನೋಡಿ. ವಾಪಸ್ ಬರುವ ಠರಾವು ಹೀಗಿರುತ್ತದೆ:

"ಭೋಸರಿ ಭಾಗದ ಉದ್ಯಮಗಳಿಗೆ ಮೂಲಸೌಕರ್ಯ ಒದಗಿಸಲು ಅಗತ್ಯವಾದ ಸಾಲ ಪಡೆಯಲು ತತ್ತ್ವತಃ ಮಾನ್ಯತೆ ನೀಡಲಾಗಿದೆ."

ಇದರಲ್ಲಿ ಮೊತ್ತ ಇಲ್ಲ, ಬಡ್ಡಿ ಇಲ್ಲ, ವರ್ಷ ಇಲ್ಲ, ಭದ್ರತೆ ಇಲ್ಲ. ಆದರೆ ರಾಜ್ಯ ಸರ್ಕಾರ ಒಪ್ಪಬೇಕಾದ್ದು ಇವನ್ನೇ: ಮೊತ್ತ, ಬಡ್ಡಿದರ, ಮರುಪಾವತಿಯ ಅವಧಿ ಮತ್ತು ವಿಧಾನ. ಒಪ್ಪಲು ಏನೂ ಕೊಡದೆ ಒಪ್ಪಿಗೆ ಕೇಳಿದ ಹಾಗೆ ಆಯಿತು. ಮುಂದೆ ಹೋಗುವ ಠರಾವು ಹೀಗಿರಬೇಕು:

"ಇಂಥ ನಂಬರಿನ ತಾಂತ್ರಿಕ ಮಾನ್ಯತೆ ಇರುವ, ಇಂಥ ರಸ್ತೆಯ ಇಷ್ಟು ಮೀಟರ್ ಕಾಂಕ್ರೀಟೀಕರಣ ಮತ್ತು ಮಳೆನೀರು ಗಟಾರದ ಕೆಲಸಕ್ಕೆ, 40 ಕೋಟಿ ರೂಪಾಯಿ ಮೀರದಂತೆ, ಶೇಕಡಾ ಇಷ್ಟಕ್ಕಿಂತ ಹೆಚ್ಚಲ್ಲದ ಬಡ್ಡಿಯಲ್ಲಿ, 15 ವರ್ಷದ ಅವಧಿಗೆ, ಆಸ್ತಿ ತೆರಿಗೆ ಆದಾಯದ ಭದ್ರತೆಯ ಮೇಲೆ ಸಾಲ ಎತ್ತಲು, ಅದಕ್ಕೆ ರಾಜ್ಯ ಸರ್ಕಾರದ ಪೂರ್ವಾನುಮತಿ ಕೋರಲು ಮಾನ್ಯತೆ ನೀಡಲಾಗಿದೆ."

ಕರಡು ಸಿದ್ಧವಾಗುವ ವಾರದಲ್ಲೇ ನಗರಸಚಿವರ (ಪಾಲಿಕೆಯ ಕಾರ್ಯದರ್ಶಿ, ಮಂತ್ರಿಯಲ್ಲ) ಕಚೇರಿಗೆ ಹೋಗಿ ಓದಿ ಬನ್ನಿ. ಪಾಸಾದ ಮೇಲೆ ಒಂದು ಪದ ತಿದ್ದಿಸಬೇಕಾದರೂ ಇನ್ನೊಂದು ಸಭೆ ಬೇಕು. ಸಾಲದ ಮೊತ್ತ ಪಾಲಿಕೆಯ ಬಜೆಟ್ಟಿನ ಬಂಡವಾಳ ಜಮೆಯಲ್ಲಿ ಕಾಣಿಸಿದೆಯೇ ಅಂತಲೂ ನೋಡಿ.

## ಹಂತ 6: ಮಂತ್ರಾಲಯದ ಫೈಲ್

ಪಾಲಿಕೆಯ ಪ್ರಸ್ತಾವ ಹೋಗುವುದು ನಗರ ವಿಕಾಸ ವಿಭಾಗಕ್ಕೆ. ಉದ್ಯೋಗ ವಿಭಾಗಕ್ಕೆ ಅಲ್ಲ. ಕೆಲಸ ಕಾರ್ಖಾನೆ ಪ್ರದೇಶದ್ದು ಅನ್ನುವ ಕಾರಣಕ್ಕೆ ಉದ್ಯೋಗ ಮಂತ್ರಿಗಳ ಕಚೇರಿಗೆ ಹಾರ ತುರಾಯಿ ಹಿಡಿದು ಹೋಗುವವರು ಬಹಳ. ಅವರು ಶಿಫಾರಸು ಪತ್ರ ಕೊಡಬಹುದು, ಫೈಲ್ ಅವರಲ್ಲಿ ಇರುವುದಿಲ್ಲ. ನಗರಪರಿಷತ್ತುಗಳಿಗೆ 1965ರ ಬೇರೆ ಕಾಯ್ದೆ ಇದೆ. ಅವುಗಳ ಕಾಗದ ಜಿಲ್ಲಾಧಿಕಾರಿ, ನಗರಪರಿಷತ್ ಪ್ರಶಾಸನ ಸಂಚಾಲನಾಲಯದ ಮೂಲಕ ಮೇಲೆ ಹೋಗುತ್ತದೆ. ಹಾಗಾಗಿ ತಳೇಗಾವದವರಿಗೆ ಒಂದೆರಡು ಮೆಟ್ಟಿಲು ಜಾಸ್ತಿ.

ನಗರ ವಿಕಾಸದ ಡೆಸ್ಕಿನಲ್ಲಿ ಟಿಪ್ಪಣಿ ಎದ್ದು, ವಿತ್ತ ವಿಭಾಗದ ಅಭಿಪ್ರಾಯ ಪಡೆದು, ಮತ್ತೆ ನಗರ ವಿಕಾಸಕ್ಕೆ ಬಂದು ಕೊನೆಯ ಸಹಿ ಆಗುತ್ತದೆ. ನಡುವೆ ಏನಾದರೂ ಕಮ್ಮಿ ಇದ್ದರೆ ಪಾಲಿಕೆಗೆ ಪತ್ರ ಬರುತ್ತದೆ. ಅದೇ ತ್ರುಟಿ ಪೂರ್ತತೆಯ, ಅಂದರೆ ಕೊರತೆ ತುಂಬಿ ಅನ್ನುವ, ಪತ್ರ. ಬಹುಪಾಲು ಫೈಲುಗಳು ಸಾಯುವುದು ಇಲ್ಲೇ. ಪತ್ರ ಬಂದದ್ದು ಪಾಲಿಕೆಗೆ. ಅಲ್ಲಿ ಆ ಟೇಬಲ್ಲಿನವರು ಬದಲಾಗಿರುತ್ತಾರೆ. ನೀವು ಮಾತ್ರ "ಮುಂಬೈಯಲ್ಲಿದೆ" ಅಂದುಕೊಂಡು ಕಾಯುತ್ತಿರುತ್ತೀರಿ. ಆದ್ದರಿಂದ ಮುಂಬೈಗೆ ಹೊರಡುವ ಮೊದಲು ಪಾಲಿಕೆಯಲ್ಲೇ ಕೇಳಿ: "ಮೇಲಿನಿಂದ ತ್ರುಟಿ ಬಂದಿದೆಯಾ? ಉತ್ತರ ಹೋಗಿದೆಯಾ? ಹೋಗಿದ್ದರೆ ಜಾವಕ ನಂಬರ್ ಏನು?"

ಈಗ ಫೈಲುಗಳು ಇ-ಆಫೀಸ್‌ನಲ್ಲಿ ಓಡುತ್ತವೆ. ಇ-ಆಫೀಸ್ ನಂಬರ್ ಸಿಕ್ಕರೆ ಯಾರ ಲಾಗಿನ್‌ನಲ್ಲಿ ಇದೆ ಅಂತ ಡೆಸ್ಕಿನವರು ನೋಡಿ ಹೇಳುತ್ತಾರೆ. ನಂಬರ್ ಇಲ್ಲದೆ ಹೋಗಿ "ಭೋಸರಿ ರಸ್ತೆ ಫೈಲ್" ಅಂದರೆ ಯಾರೂ ತಲೆ ಎತ್ತುವುದಿಲ್ಲ.

ಖುದ್ದು ಹೋಗಲೇಬೇಕಾದರೆ ಬೆಳಗಿನ ಸಿಂಹಗಡ್ ಎಕ್ಸ್‌ಪ್ರೆಸ್ ಚಿಂಚವಡದಲ್ಲೇ ನಿಲ್ಲುತ್ತದೆ, ಪುಣೆ ಸ್ಟೇಷನ್ನಿಗೆ ಹೋಗಬೇಕಾಗಿಲ್ಲ. ಮಂತ್ರಾಲಯದಲ್ಲಿ ಸಾಮಾನ್ಯ ಜನರನ್ನು ಒಳಗೆ ಬಿಡುವುದು ಮಧ್ಯಾಹ್ನ 2ರ ನಂತರ. ಡಿಜಿಪ್ರವೇಶ್ ಆಪ್‌ನಲ್ಲಿ ಹಿಂದಿನ ದಿನವೇ ನೋಂದಣಿ ಮಾಡಿಕೊಳ್ಳಿ. ಡಿಸೆಂಬರ್‌ನಲ್ಲಿ ಚಳಿಗಾಲದ ಅಧಿವೇಶನ ನಾಗಪುರದಲ್ಲಿ ನಡೆಯುತ್ತದೆ. ಅಧಿಕಾರಿಗಳು ಅಲ್ಲಿರುತ್ತಾರೆ, ಮುಂಬೈಗೆ ಹೋದರೆ ಖಾಲಿ ಕುರ್ಚಿ ನೋಡಿ ಬರಬೇಕು. ಚುನಾವಣಾ ಆಚಾರಸಂಹಿತೆ ಜಾರಿಯಾದರೂ ಹೊಸ ಮಂಜೂರಾತಿ ನಿಲ್ಲುತ್ತದೆ.

ಫೈಲ್ ಅಲುಗಾಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮವರು ಮಾಡುವ ತಪ್ಪು ಏನೆಂದರೆ, "ಏಕೆ ತಡ ಮಾಡುತ್ತಿದ್ದೀರಿ?" ಅಂತ ಕೇಳುವುದು. "ಏಕೆ"ಗೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. "ಇಂಥ ತಾರೀಖಿನ ಇಂಥ ನಂಬರಿನ ಪ್ರಸ್ತಾವದ ಮೇಲಿನ ಎಲ್ಲ ಟಿಪ್ಪಣಿಗಳ ನಕಲು ಕೊಡಿ" ಅಂತ ಕೇಳಿ. ಯಾವ ಆಕ್ಷೇಪಣೆ ಎದ್ದಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಶಾಸಕರ ನೆರವು ಬೇಕಾಗುವುದು ಇದರ ನಂತರ. ಆಕ್ಷೇಪಣೆ ಏನು ಅಂತ ಕೈಯಲ್ಲಿ ಹಿಡಿದು ಹೋದರೆ ಅವರು ಸದನದಲ್ಲಿ ಪ್ರಶ್ನೆಯನ್ನೂ ಹಾಕಬಹುದು.

ಎಚ್ಚರಿಕೆಯ ಗುರುತು: "ಒಳಗೆ ನಮ್ಮ ಮನುಷ್ಯ ಇದ್ದಾನೆ, ಸ್ವಲ್ಪ ಖರ್ಚಾಗುತ್ತೆ" ಅನ್ನುವವರು. ಪಾಲಿಕೆಯ ಸಾಲದ ಫೈಲಿಗೆ ನೀವು ಅರ್ಜಿದಾರರೇ ಅಲ್ಲ, ನಿಮ್ಮಿಂದ ಯಾವ ಶುಲ್ಕವೂ ಇಲ್ಲ. ಅಸೋಸಿಯೇಶನ್ ವಂತಿಗೆಯಿಂದ ಒಂದು ರೂಪಾಯಿಯೂ ಕೊಡಬೇಡಿ.

## ಹಂತ 7: ಒಪ್ಪಿಗೆ ಬಂತು, ಈಗ ಓದಿ

ಸಿಹಿ ಹಂಚುವ ಮೊದಲು ಓದಿ. ಒಪ್ಪಿಗೆ ಶಾಸನ ನಿರ್ಣಯದ (ಸರ್ಕಾರಿ ಆದೇಶ, ಜಿಆರ್) ರೂಪದಲ್ಲಿದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ 18 ಅಂಕಿಯ ಸಂಕೇತಾಂಕದ (ಕೋಡ್) ಜೊತೆ ಸಿಗುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೊ ನಂಬಬೇಡಿ, ಆ ಸಂಕೇತಾಂಕ ಹಾಕಿ ಹುಡುಕಿ.

ಷರತ್ತುಗಳನ್ನು ಒಂದೊಂದಾಗಿ ಗುರುತು ಹಾಕಿ. ಕೇಳಿದ ಮೊತ್ತವೇ ಸಿಕ್ಕಿದೆಯಾ? ಬಡ್ಡಿಗೆ ಮಿತಿ ಇದೆಯಾ? ಇಷ್ಟರೊಳಗೆ ಸಾಲ ಎತ್ತಬೇಕು ಅಂತ ಗಡುವು ಇದೆಯಾ? ಮರುಪಾವತಿಗಾಗಿ ವರ್ಷವರ್ಷ ಬೇರೆ ನಿಧಿ ಇಡಬೇಕು ಅಂತ ಇದೆಯಾ?

ಒಪ್ಪಿಗೆ ಬೇರೆ, ಗ್ಯಾರಂಟಿ ಬೇರೆ. ರಾಜ್ಯ ಒಪ್ಪಿದ ಮಾತ್ರಕ್ಕೆ ಪಾಲಿಕೆ ಕಟ್ಟದಿದ್ದರೆ ರಾಜ್ಯ ಕಟ್ಟುತ್ತದೆ ಅಂತಲ್ಲ. ಗ್ಯಾರಂಟಿ ಇದೆ ಅಂದರೆ ಅದು ಬೇರೆ ಕಾಗದದಲ್ಲಿ, ಅದೇ ಮಾತಿನಲ್ಲಿ ಇರಬೇಕು.

## ಹಂತ 8: ಹಣ ಬಂದ ಮೇಲಿನ ಕಾವಲು

ಮೊದಲು ಟೆಂಡರ್, ಆಮೇಲೆ ಹಣ. ಇದು ತಲೆಕೆಳಗಾದರೆ ಏನಾಗುತ್ತದೆ ಅನ್ನುವುದನ್ನು ಪುಣೆ 2017ರಲ್ಲೇ ನೋಡಿದೆ. ಬಾಂಡಿನ ಹಣ ಜೂನ್‌ನಲ್ಲಿ ಬಂತು, ನೀರಿನ ಯೋಜನೆಯ ಟೆಂಡರ್ ರದ್ದಾಗಿ ಮತ್ತೆ ಕರೆಯಬೇಕಾಯಿತು. ಹಣ ಬ್ಯಾಂಕಿನಲ್ಲಿ ಕೂತಿತು, ಬಡ್ಡಿ ಮಾತ್ರ ಓಡುತ್ತಿತ್ತು. ನಿಮ್ಮ ಕೆಲಸದ ಟೆಂಡರ್ ಕಾಗದ ಸಿದ್ಧವಾಗಿದೆಯೇ, ಅಡ್ಡ ಬರುವ ವಿದ್ಯುತ್ ಕಂಬ, ಗ್ಯಾಸ್ ಪೈಪ್ ಸರಿಸಲು ಆಯಾ ಸಂಸ್ಥೆಗಳ ಒಪ್ಪಿಗೆ ಇದೆಯೇ ಅಂತ ಹಣ ಎತ್ತುವ ಮುಂಚೆಯೇ ಕೇಳಿ.

ಒಂದು ಕೆಲಸಕ್ಕೆ ಅಂತ ತಂದ ಸಾಲವನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಇದೂ ಕಾಯ್ದೆಯಲ್ಲೇ ಇದೆ. ಆದರೆ ಅಂದಾಜಿನಲ್ಲಿ "ಮತ್ತು ಇತರ ಅನುಷಂಗಿಕ (ಪೂರಕ) ಕಾಮಗಾರಿ" ಅನ್ನುವ ಬಾಲ ಇದ್ದರೆ, ನಿಮ್ಮ ಗಟಾರದ ಹಣ ಯಾವುದೋ ಚೌಕದ ಕಾರಂಜಿಗೆ ಹೋಗಲು ದಾರಿಯಾಯಿತು. ಆ ಬಾಲವನ್ನು ಹಂತ 2ರಲ್ಲೇ ಕತ್ತರಿಸಿ.

ಪ್ರತಿ ಬಿಲ್ಲಿನ ಮೊದಲು ಇಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಅದರ ನಕಲು ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಅಸೋಸಿಯೇಶನ್ನಿನ ಇಬ್ಬರು ಟೇಪ್ ಹಿಡಿದು ಗಟಾರದ ಆಳವನ್ನು ಮೂರು ಕಡೆ ಅಳೆದು ತಾಳೆ ನೋಡಲಿ. ವ್ಯತ್ಯಾಸ ಕಂಡರೆ ಮುಂದಿನ ಬಿಲ್ಲು ಪಾಸಾಗುವ ಮೊದಲೇ ಶಹರ ಅಭಿಯಂತರಿಗೆ (ಪಾಲಿಕೆಯ ನಗರ ಇಂಜಿನಿಯರ್) ಫೋಟೊ ಸಮೇತ ಪತ್ರ ಕೊಟ್ಟು ಆವಕ ಮುದ್ರೆ ಹಾಕಿಸಿಕೊಳ್ಳಿ. ಸ್ಲ್ಯಾಬ್ ಮುಚ್ಚಿದ ಮೇಲೆ ಅಳೆಯಲು ಆಗುವುದಿಲ್ಲ.